ಎರಡು ಗೆರೆ, ಒಂದು ಸೇತುವೆ

ಫೆಬ್ರವರಿ 4, ಮಂಗಳವಾರ

ಬಂದ ಕೂಡಲೇ ಲ್ಯಾಗ್ ನೋಡಿದೆ, ಎರಡು ಊರಿನ ದಾಖಲೆಗಳ ನಡುವಿನ ತಡ. ಸರಿ ಇದೆ. ಇಲ್ಲಿ ಒಬ್ಬ ನರ್ಸ್ ಒತ್ತಿದ ಅಕ್ಷರ ನದಿಯಾಚೆಯ ಊರಿನಲ್ಲಿರುವ ನಮ್ಮದೇ ಇನ್ನೊಂದು ಆಸ್ಪತ್ರೆಗೆ ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ತಲುಪುತ್ತಿದೆ. ಎರಡು ಊರು, ರೋಗಿಗಳ ದಾಖಲೆಯ ಒಂದೊಂದು ಪ್ರತಿ ಇಡುವ ಎರಡು ಡೇಟಾಬೇಸ್ ಕ್ಲಸ್ಟರ್, ನಡುವೆ ಕೂದಲಿಗಿಂತ ತೆಳ್ಳಗಿನ ಗಾಜಿನ ಎಳೆ. ಇಷ್ಟು ವರ್ಷವಾದರೂ ಈ ಒಂದು ವಿಷಯಕ್ಕೆ ಖುಷಿಯಾಗುತ್ತದೆ.

ಖುಷಿ ಕೆಡಿಸಲು ಗೋಡೆ ಇದೆಯಲ್ಲ.

ಮ್ಯಾನೇಜರ್ ಸಾಹೇಬರು ಗೋಡೆಯಗಲ ಸ್ಕ್ರೀನ್ ಹಾಕಿಸಿದ್ದಾರೆ. ಎರಡೂ ಊರಿನ ಒಬ್ಬೊಬ್ಬ ರೋಗಿಗೂ ಒಂದು ಹಸಿರು ಚುಕ್ಕೆ. ಚುಕ್ಕೆ ಹಸಿರಾಗಿರಬೇಕು ಅಂತ ಗಂಟೆಗೊಮ್ಮೆ ಒಂದು ಪ್ರೋಗ್ರಾಂ ನಮ್ಮ ಕಡೆಯಿಂದ ಓಡುತ್ತದೆ — ಎಲ್ಲರ ದಾಖಲೆಯನ್ನೂ ಮುಟ್ಟಿ, ‘ಸರಿಯಿದೆ’ ಎಂದು ಠಸ್ಸೆ ಒತ್ತಿ, ಆ ಹೊತ್ತಿನ ಸಮಯ ಹಾಕಿ ಹೋಗುತ್ತದೆ. ದಾಖಲೆಯಲ್ಲಿ ಏನಿದೆ ಅಂತ ಓದುವುದಿಲ್ಲ. ಬರೀ ಠಸ್ಸೆ.

"ಓದದೇ ಠಸ್ಸೆ ಯಾಕೆ ಸಾರ್?"

"ಟ್ರಸ್ಟಿನವರು ಬಂದಾಗ ನೋಡೋಕೆ ಚೆನ್ನಾಗಿರ್ಬೇಕಲ್ಲಮ್ಮ."

"ತೆಗೆದುಬಿಡೋಣ?"

"ನೋಡೋಣ."

ಈ ಮನುಷ್ಯನಿಗೆ ಇನ್ನು ಮೇಲೆ ಈ ಪುಸ್ತಕದಲ್ಲಿ ಅದೇ ಹೆಸರು. ನೋಡೋಣ.


ಫೆಬ್ರವರಿ 7

ಮೀಟಿಂಗ್. ಎರಡು ಮ್ಯಾಪ್ ತೋರಿಸಿದರು. ಕೆಂಪು ಗೆರೆ ಒಂದು ಕಂಪನಿಯದು, ನೀಲಿ ಗೆರೆ ಇನ್ನೊಂದರದು. ಒಂದು ಫೈಬರ್ ಕಡಿದರೆ ಇನ್ನೊಂದು ಇರುತ್ತದೆ. ಎಲ್ಲರೂ ತಲೆಯಾಡಿಸಿದರು. ಟೀ ಬಂತು.

ನಾನು ಕೇಳಿದ್ದು ಒಂದೇ ಪ್ರಶ್ನೆ. ನದಿ ದಾಟುವುದು ಎಲ್ಲಿ? ಕೆಂಪು ಗೆರೆಯ ಮ್ಯಾಪಿನಲ್ಲಿ ನದಿಯೇ ಇಲ್ಲ. ನೀಲಿಯದರಲ್ಲಿ ನದಿ ಇದೆ, ಆದರೆ ಗೆರೆ ಅದರ ಮೇಲೆ ಕೊಕ್ಕರೆ ಹಾರಿದ ಹಾಗೆ ನೇರ ಹೋಗಿದೆ.

"ಬೇರೆ ಬೇರೆ ಕಂಪನಿ ಅಂದ್ಮೇಲೆ ದಾರಿನೂ ಬೇರೆ ಬೇರೆ ತಾನೆ," ಅಂದರು ನೋಡೋಣ. ಪಕ್ಕದಲ್ಲಿ ಯಾರೋ ನಕ್ಕರು. ಮೈ ಉರಿಯಿತು. ನನ್ನ ಪ್ರಶ್ನೆ ಮಿನಿಟ್ಸ್‌ನಲ್ಲಿ ಬರಲೇ ಇಲ್ಲ.

ಎಳೆ ಕಡಿದರೆ ಏನು ಮಾಡಬೇಕೆಂಬ ನಿಯಮ ಮಾತ್ರ ಬರೆಸಿಕೊಂಡು ಬಂದೆ. ಆಚೆ ಊರು ತಾನಾಗಿ ಬರೆಯುವುದನ್ನು ನಿಲ್ಲಿಸಬೇಕು. ಹಳೆಯದನ್ನು ಓದಬಹುದು, ಹೊಸದು ಬರೆಯುವ ಹಾಗಿಲ್ಲ. ಇಲ್ಲದಿದ್ದರೆ ಒಂದೇ ರೋಗಿಗೆ ಎರಡು ಊರಲ್ಲಿ ಎರಡು ದಾಖಲೆ ಬೆಳೆಯುತ್ತವೆ, ಎರಡೂ ನಾನೇ ಸರಿ ಎನ್ನುತ್ತವೆ. ಇದಕ್ಕೆ ನೋಡೋಣ ಸಹಿ ಹಾಕಿದ್ದಾರೆ. ಓದಿದರೋ ಇಲ್ಲವೋ ಗೊತ್ತಿಲ್ಲ.


ಫೆಬ್ರವರಿ 9, ಭಾನುವಾರ

ನಾನೇ ಹೋಗಿ ನೋಡಿ ಬಂದೆ. ಬಸ್ಸಿನಲ್ಲಿ.

ನದಿಗೆ ಇರುವುದು ಒಂದೇ ಸೇತುವೆ. ಕಾಲುದಾರಿಯ ಕಂಬಿಯ ಹೊರಗೆ ಬಗ್ಗಿ ನೋಡಿದೆ. ಎರಡು ಪೈಪು. ಒಂದಕ್ಕೆ ಕೆಂಪು ಪಟ್ಟಿ, ಒಂದಕ್ಕೆ ನೀಲಿ. ಎರಡನ್ನೂ ಸೇರಿಸಿ ಒಂದೇ ಕಬ್ಬಿಣದ ಪಟ್ಟಿಯಲ್ಲಿ ಬಿಗಿದಿದ್ದಾರೆ, ಜಡೆ ಹಾಕಿದ ಹಾಗೆ. ಇಪ್ಪತ್ತು ಫೋಟೊ ತೆಗೆದೆ.

ಸೇತುವೆಯ ಆಚೆ ತುದಿಯಿಂದ ತಮ್ಮನ ಮನೆಗೆ ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಅಮ್ಮನ ಹೊಲಿಗೆ ಮಿಷನ್ನನ್ನು ನನ್ನನ್ನು ಒಂದು ಮಾತೂ ಕೇಳದೆ ಯಾರಿಗೋ ಎತ್ತಿ ಕೊಟ್ಟವನ ಮನೆಗೆ ನಾನೇಕೆ ಹೋಗಲಿ? ಬಾಯಿಗೆ ಬಂದ ಹಾಗೆ ಬೈದಿದ್ದೆ. ಅವನು ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿ ಕೂತಿದ್ದಾನೆ. ಮೊದಲು ಅವನು ಮಾತಾಡಲಿ ಅಂತ ನಾನು, ಅಕ್ಕನೇ ಮಾತಾಡಲಿ ಅಂತ ಅವನು.

ಅವನ ಹೆಂಡತಿ, ನನ್ನ ನಾದಿನಿ, ಮಾತ್ರ ಅವನ ಕಣ್ಣು ತಪ್ಪಿಸಿ ಫೋನ್ ಮಾಡುತ್ತಾಳೆ. ಎಂಟು ತಿಂಗಳ ಬಸುರಿ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗುವುದಿಲ್ಲ.


ಫೆಬ್ರವರಿ 10

ಫೋಟೊ ತೋರಿಸಿದೆ.

ನೋಡೋಣ ಕನ್ನಡಕ ಮೇಲೇರಿಸಿ ಒಂದೊಂದನ್ನೇ ನೋಡಿದರು. "ಅಲ್ಲಮ್ಮ, ಭಾನುವಾರ ರಜಾ ಅಲ್ವಾ ನಿಮಗೆ?"

ಇಷ್ಟೇ ಕೇಳಿದ್ದು. ಆಮೇಲೆ ಫೈಲಿಗೆ ಸೇರಿಸುತ್ತೇವೆ, ಕಂಪನಿಗೆ ಬರೆಯುತ್ತೇವೆ, ನೋಡೋಣ. ಗೋಡೆಗೆ ಹೇಳಿದ್ದರೆ ಗೋಡೆ ಹಸಿರಾಗಾದರೂ ಇರುತ್ತಿತ್ತು.

ಸಂಜೆ ಆಚೆಯವಳಿಗೆ ಫೋನ್ ಮಾಡಿ ಎಲ್ಲ ಕಾರಿಕೊಂಡೆ. ಆಚೆ ಊರಿನ ಕ್ಲಸ್ಟರ್ ನೋಡಿಕೊಳ್ಳುವವಳು. ನಾಲ್ಕು ವರ್ಷದಿಂದ ದಿನಾ ಮಾತು, ಮುಖ ನೋಡಿಲ್ಲ. ಎಲ್ಲದಕ್ಕೂ ನಗುತ್ತಾಳೆ.

"ಬಿಡಿ ಅಕ್ಕಾ, ಸೇತುವೆ ಬಿದ್ರೆ ಈಜಿ ಬಂದು ಡೇಟಾ ಕೊಡ್ತೀನಿ."

ನನಗೂ ನಗು ಬಂತು. ಆಮೇಲೆ ನಕ್ಕಿದ್ದಕ್ಕೇ ಸಿಟ್ಟು ಬಂತು.


ಫೆಬ್ರವರಿ 27

ಬರೆಯಲು ಏನೂ ಇರಲಿಲ್ಲ. ಎರಡು ಸಲ ನೆನಪಿಸಿದೆ, ಎರಡು ಸಲವೂ ಅದೇ ಉತ್ತರ.

ನಾದಿನಿ ಆಚೆ ಊರಿನ ನಮ್ಮ ಆಸ್ಪತ್ರೆಗೆ ಸೇರಿದ್ದಾಳೆ. ಬಿಪಿ ಜಾಸ್ತಿ. ಆಪರೇಷನ್ ಮಾಡಿ ಮಗು ತೆಗೆಯಬೇಕಾಗಬಹುದು ಅಂದಿದ್ದಾರಂತೆ.

"ಹೆದರಿಕೆ ಇಲ್ಲ ಅತ್ತಿಗೆ. ಇಲ್ಲಿ ಕಾಗದಾನೇ ಇಲ್ಲ, ಎಲ್ಲಾ ಕಂಪ್ಯೂಟರು. ನರ್ಸಿಗೆ ಹೇಳ್ದೆ, ಇದು ನಮ್ಮತ್ತಿಗೆ ಮಾಡಿರೋ ಕಂಪ್ಯೂಟರು ಅಂತ."

ನಾನು ಮಾಡಿದ್ದಲ್ಲ ಮಾರಾಯ್ತಿ, ನಾನು ಕಾಯುವವಳು ಅಂದೆ. ಅವಳಿಗೆ ಎರಡೂ ಒಂದೇ.


ಮಾರ್ಚ್ 6, ಗುರುವಾರ. ಬೆಳಗ್ಗೆ 11

ಹೋಯಿತು.

ಸೇತುವೆಯ ಕಂಬಿ ಬದಲಿಸುವವರು ಕಟರ್ ಇಟ್ಟಿದ್ದಾರೆ. ಕೆಂಪು, ನೀಲಿ, ಎರಡೂ ಒಂದೇ ಏಟಿಗೆ. ನೋಡೋಣ ಅವರ ಮುಖದ ಬಣ್ಣವೂ ಅದರ ಜೊತೆಗೇ ಹೋಯಿತು.

ಆಚೆ ಊರಿನ ಕ್ಲಸ್ಟರ್ ನಿಯಮದ ಪ್ರಕಾರ ಬರೆಯುವುದನ್ನು ನಿಲ್ಲಿಸಿತು. ಸರಿಯಾದ ಕೆಲಸ. ಗೊತ್ತಿಲ್ಲದಾಗ ಬಾಯಿ ಮುಚ್ಚುವ ಬುದ್ಧಿ ಆ ಯಂತ್ರಕ್ಕಿದೆ.


ಮಧ್ಯಾಹ್ನ 1

ಆಚೆ ಆಸ್ಪತ್ರೆಯ ದೊಡ್ಡ ಡಾಕ್ಟರ್ ಫೋನಿನಲ್ಲಿ ಕೂಗಾಡಿದ್ದಾರೆ. ಅವರು ಕೂಗುವುದರಲ್ಲಿ ತಪ್ಪಿಲ್ಲ. ವಾರ್ಡ್ ತುಂಬ ರೋಗಿಗಳು, ಏನೂ ಬರೆಯಲಾಗುತ್ತಿಲ್ಲ. "ಕಾಗದದಲ್ಲಿ ಬರೀರಿ, ಸಂಜೆಗೆ ಸರಿಯಾಗತ್ತೆ" ಅಂತ ಹೇಳಬೇಕಿತ್ತು. ಕಾಗದವನ್ನೆಲ್ಲ ಎತ್ತಿಸಿದ್ದೇ ನಾವು ಅಂತ ಒಪ್ಪಿಕೊಂಡು ಹೇಳಬೇಕಿತ್ತು. ಅದು ಬಿಟ್ಟು ನೋಡೋಣ ನೇರ ಆಚೆಯವಳಿಗೆ ಫೋನ್ ಹಚ್ಚಿ, ನಿನ್ನ ಕಡೆ ಬಲವಂತವಾಗಿ ಬರೆಯೋಕೆ ಬಿಡು ಅಂದರು. ನನ್ನ ಎದುರಿಗೇ.

"ಸಾರ್, ನೀವೇ ಸಹಿ ಹಾಕಿದ ನಿಯಮ!"

"ಎಮರ್ಜೆನ್ಸಿಯಲ್ಲಿ ನಿಯಮ ಹಿಡ್ಕೊಂಡು ಕೂರೋಕಾಗತ್ತೇನಮ್ಮಾ?"

ಎಮರ್ಜೆನ್ಸಿಗೇ ಮಾಡಿದ ನಿಯಮ ಅದು! ಬೇರೆ ದಿನ ಅದನ್ನು ಇಟ್ಟುಕೊಂಡು ಏನು ಉಪ್ಪು ಹಾಕಿ ನೆಕ್ಕಬೇಕೇ?

ಆಚೆಯವಳು ಒತ್ತಿದಳು. ಫೋನ್ ಮಾಡಿ ಅವಳಿಗೂ ಬೈದೆ. ಮೊದಲ ಸಲ ಅವಳು ನಗಲಿಲ್ಲ. "ನಾನೇನ್ ಮಾಡ್ಲಿ ಅಕ್ಕಾ, ಮಾತಲ್ಲಿ ಹೇಳಿದ್ರು, ಮೇಲ್ ಕೇಳಿದ್ರೆ ಆಮೇಲೆ ಕಳಿಸ್ತೀನಿ ಅಂದ್ರು."

ಆ ಮೇಲ್ ಬರುವುದಿಲ್ಲ. ನನಗೆ ಗೊತ್ತು, ಅವಳಿಗೂ ಗೊತ್ತು.


ಸಂಜೆ 5

ನಾದಿನಿಯ ಫೋನ್. ದನಿ ಮೆತ್ತಗೆ. ಮಧ್ಯಾಹ್ನ ಯಾವುದೋ ಇಂಜೆಕ್ಷನ್ ಕೊಟ್ಟರಂತೆ. ಐದು ನಿಮಿಷದಲ್ಲಿ ಮುಖ ಕುಂಬಳಕಾಯಿ, ಉಸಿರು ಕಟ್ಟಿತು. ಡಾಕ್ಟರು ಓಡಿ ಬಂದರು, ಬದುಕಿದೆ ಅತ್ತಿಗೆ ಅಂದಳು.

"ಯಾವ ಇಂಜೆಕ್ಷನ್ನೇ?"

"ಹೆಸರು ನಂಗೆಲ್ಲಿ ಬರತ್ತೆ? ಇನ್ನು ಜನ್ಮದಲ್ಲಿ ತಗೋಬಾರ್ದಂತೆ. ನನ್ನ ಎದುರಿಗೇ ನರ್ಸ್ ಕಂಪ್ಯೂಟರಿಗೆ ಹಾಕಿದ್ರು. ಕೈಗೆ ಕೆಂಪು ಪಟ್ಟಿ ಬಂತು ನೋಡಿ, ಪ್ರಿಂಟ್ ಆಗಿ. ನಿಮ್ಮ ಕಂಪ್ಯೂಟರಲ್ಲಿದೆ ಅಂದ್ಮೇಲೆ ಇನ್ನೇನು."

ಮಗು ಚೆನ್ನಾಗಿದೆಯಂತೆ. ಶನಿವಾರ ಬೆಳಗ್ಗೆ ಆಪರೇಷನ್. ತಮ್ಮ ಹೊರಗೆ ಹೋಗಿದ್ದಾನೆ, ಬರುವಷ್ಟರಲ್ಲಿ ಇಡುತ್ತೇನೆ ಅಂತ ಇಟ್ಟಳು.

ಅವಳ ಕೆಂಪು ಗುರುತು ಆಚೆ ಊರಿನಲ್ಲಿ ಮಾತ್ರ ಇದೆ. ನಮ್ಮ ಕಡೆಯ ಪ್ರತಿಯಲ್ಲಿ ಅವಳಿಗೆ ಯಾವ ಅಲರ್ಜಿಯೂ ಇಲ್ಲ. ಆ ಪ್ರತಿಯ ಮೇಲೆ ಗಂಟೆಗೊಮ್ಮೆ ಠಸ್ಸೆ ಬೀಳುತ್ತಿದೆ. ಸರಿಯಿದೆ. ಸರಿಯಿದೆ. ಸರಿಯಿದೆ.


ಮಾರ್ಚ್ 7, ಶುಕ್ರವಾರ

ಮಧ್ಯಾಹ್ನಕ್ಕೆ ಫೈಬರ್ ಬೆಸೆದರು. ಎಳೆ ಕೂಡಿತು. ಇನ್ನು ಬರೆಯುವುದು ಎರಡೂ ಕಡೆ ತಲುಪುತ್ತದೆ, ನಡುವೆ ಬರೆದ ದಾಖಲೆ ಕೂಡಬೇಕು.

ನೋಡೋಣ ಅವರ ಬಳಿ ಉತ್ತರ ಸಿದ್ಧವಿತ್ತು. ಎರಡು ಪ್ರತಿ ಬೇರೆಯಾಗಿದ್ದರೆ ಸಮಯ ನೋಡುವುದು, ಹೊಸದು ಉಳಿಯಲಿ, ಹಳೆಯದು ಹೋಗಲಿ. ಒಂದು ಬಟನ್.

ಎದ್ದು ನಿಂತೆ. ಹೊಸದು ಯಾವುದು ಗೊತ್ತಾ ಸಾರ್? ಆಚೆ ನರ್ಸ್ ನಿನ್ನೆ ಮಧ್ಯಾಹ್ನ ಬರೆದಳು. ನಮ್ಮ ಠಸ್ಸೆ ಆಮೇಲೆ ಬಿತ್ತು, ರಾತ್ರಿಯೆಲ್ಲ ಬಿತ್ತು, ಈಗ ಐದು ನಿಮಿಷದ ಕೆಳಗೂ ಬಿತ್ತು. ಒಬ್ಬರೂ ಓದದ ಖಾಲಿ ದಾಖಲೆಯೇ ಎಲ್ಲದರಲ್ಲೂ ಹೊಸದು. ನೀವು ಬಟನ್ ಒತ್ತಿದರೆ ಆಚೆ ಊರಿನಲ್ಲಿ ನಿನ್ನೆಯಿಂದ ಬರೆದದ್ದೆಲ್ಲ ಹೋಗುತ್ತದೆ. ಅದರಲ್ಲಿ ನನ್ನ ತಮ್ಮನ ಹೆಂಡತಿ ಇದ್ದಾಳೆ.

"ಪರ್ಸನಲ್ ಮಾಡ್ಬೇಡಿ."

ಪರ್ಸನಲ್ ಅಂತೆ. ಆ ಚುಕ್ಕೆಗಳೆಲ್ಲ ಮತ್ತೆ ಏನು, ಗೋಡೆಗೆ ಹಾರಿದ ಬಣ್ಣವೇ?

ಕೊನೆಗೆ ಒಪ್ಪಿದರು. ನಾಳೆ ಬೆಳಗ್ಗೆ ನಾನು ಎರಡೂ ಪ್ರತಿ ಎದುರುಬದುರು ಇಟ್ಟು ನೋಡಬೇಕು, ಅಲ್ಲಿಯವರೆಗೆ ಬಟನ್ ಮುಟ್ಟುವುದಿಲ್ಲ. ಸರಿ ತಾನೆ ಸಾರ್? ಮಾತು ತಾನೆ?

"ಆಯ್ತು ಆಯ್ತು. ನೋಡೋಣ."

ಆ ಪದ ಕೇಳಿಯೂ ಮನೆಗೆ ಬಂದೆನಲ್ಲ.


ಮಾರ್ಚ್ 8, ಶನಿವಾರ. ಬೆಳಗ್ಗೆ 8.30

ಗೋಡೆ ಹಸಿರು. ಎರಡೂ ಊರು. ಒಂದು ಚುಕ್ಕೆಯೂ ಬಿಡದೆ.

ನಾನು ಬರುವ ಮೊದಲೇ ಒತ್ತಿದ್ದಾರೆ. ಒಂಬತ್ತಕ್ಕೆ ಟ್ರಸ್ಟಿನವರು ಬರುತ್ತಾರಂತೆ, ಗೋಡೆ ನೋಡಲು.

ನಾದಿನಿಯ ದಾಖಲೆ ತೆಗೆದೆ. ಅಲರ್ಜಿ: ಇಲ್ಲ. ಸರಿಯಿದೆ. ಥಿಯೇಟರಿಗೆ ಕರೆದೊಯ್ಯುವಾಗ ಕೈಪಟ್ಟಿ ಹೊಸದಾಗಿ ಪ್ರಿಂಟ್ ಆಗುತ್ತದೆ, ಈ ದಾಖಲೆ ನೋಡಿ. ಕೆಂಪು ಪಟ್ಟಿ ಕತ್ತರಿಸಿ ಬಿಳಿಯದು ಕಟ್ಟುತ್ತಾರೆ. ಆಪರೇಷನ್ನಿಗೆ ಮೊದಲು ಎಲ್ಲರಿಗೂ ಒಂದು ಇಂಜೆಕ್ಷನ್ ಇದ್ದೇ ಇರುತ್ತದೆ.

ತಮ್ಮನಿಗೆ ಫೋನ್. ಬ್ಲಾಕ್. ಲೋ ಕತ್ತೆ! ನಾದಿನಿ ಎತ್ತುತ್ತಿಲ್ಲ. ವಾರ್ಡಿನ ನಂಬರ್ ಎಂಗೇಜ್. ಆಚೆಯವಳು ಎತ್ತಿದಳು. ಹೇಳಿ ಮುಗಿಸುವ ಮೊದಲೇ ಅವಳ ಕುರ್ಚಿ ಬಿದ್ದ ಸದ್ದು ಕೇಳಿತು. ಆಮೇಲೆ ಮೆಟ್ಟಿಲಿನ ಸದ್ದು. ಆಮೇಲೆ ಲೈನ್ ಕಟ್.

ಕಾಯುತ್ತಿದ್ದೇನೆ. ಬರೆಯದಿದ್ದರೆ ಏನಾದರೂ ಒಡೆಯುತ್ತೇನೆ.


10.15

ನಾದಿನಿ ಸಿಕ್ಕಿದಳು. ಥಿಯೇಟರ್ ಬಾಗಿಲಲ್ಲಿ. ಬಿಳಿ ಪಟ್ಟಿ ಕಟ್ಟಿಯಾಗಿತ್ತು, ಸಿರಿಂಜು ಟ್ರೇಯಲ್ಲಿತ್ತು. ಅದೇ ಔಷಧಿ. ಆಚೆಯವಳು ಚಪ್ಪಲಿ ಸಮೇತ ಒಳಗೆ ನುಗ್ಗಿ ಕೂಗಿದಳಂತೆ, ಇಬ್ಬರು ಹಿಡಿದು ಹೊರಗೆ ಎಳೆದರಂತೆ, ಆದರೂ ಕೂಗುತ್ತಲೇ ಇದ್ದಳಂತೆ. ಮೊನ್ನೆಯ ನರ್ಸ್ ಅಲ್ಲೇ ಇದ್ದಳು, ಹೌದು ಅಂದಳು. ಟ್ರೇ ಬದಲಾಯಿತು.

ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ.

ಆಚೆಯವಳ ಫೋನಿನಲ್ಲಿ ಇನ್ನೊಂದು ದನಿ ಬಂತು.

"ಅಕ್ಕಾ."

ತಮ್ಮ.

"ಹೊಲಿಗೆ ಮಿಷನ್ನು..." ಅಂತ ಶುರು ಮಾಡಿದ.

"ಮುಚ್ಚು ಬಾಯಿ. ಮೊದಲು ನನ್ನ ನಂಬರ್ ಬ್ಲಾಕ್ ತೆಗಿ."

ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.


11

ಅತ್ತು ಮುಗಿಯಿತು. ಮುಖ ತೊಳೆಯುವಾಗ ಹೊಳೆಯಿತು. ಉಳಿದವರು?

ಇವಳಿಗೆ ಡೇಟಾಬೇಸಿನಲ್ಲಿ ಅತ್ತಿಗೆ ಇದ್ದಳು, ಬದುಕಿದಳು. ಗುರುವಾರ ಮಧ್ಯಾಹ್ನದಿಂದ ಶುಕ್ರವಾರ ಮಧ್ಯಾಹ್ನದವರೆಗೆ ಆ ಊರಿನಲ್ಲಿ ಬರೆದದ್ದೆಲ್ಲ ಹೋಗಿದೆ. ಅವರಿಗೆ ಯಾರಿದ್ದಾರೆ?

ಅಳಿಸಿದ್ದು ಪೂರ್ತಿ ಅಳಿದಿಲ್ಲ. ಆಚೆ ಕ್ಲಸ್ಟರಿನ, ಆದದ್ದನ್ನೆಲ್ಲ ಬರೆದಿಟ್ಟುಕೊಳ್ಳುವ ಲಾಗ್‌ನಲ್ಲಿ ಸಾಲುಸಾಲಾಗಿ ಕೂತಿದೆ. ಓದಬಹುದು. ವಾಪಸ್ ಹಾಕಲು ನೋಡೋಣ ಅವರ ಒಪ್ಪಿಗೆ ಬೇಕು.


ಮಧ್ಯಾಹ್ನ 2

ಟ್ರಸ್ಟಿನವರು ಗೋಡೆ ನೋಡಿ ಮೆಚ್ಚಿ ಹೋದರು. ಆಮೇಲೆ ನೋಡೋಣ ಅವರು ಕೋಣೆಗೆ ಕರೆದರು ನನ್ನನ್ನು. ರಿಪೋರ್ಟ್ ಟೈಪ್ ಆಗಿತ್ತು. ಡೇಟಾ ನಷ್ಟ ಆಗಿಲ್ಲ. ನದಿಯಾಚೆಯ ಸಿಬ್ಬಂದಿಯೊಬ್ಬರು ಅನುಮತಿಯಿಲ್ಲದೆ ಕಮಾಂಡ್ ಕೊಟ್ಟಿದ್ದಾರೆ, ಅವರ ಲಾಗಿನ್ ಮುಚ್ಚಲಾಗಿದೆ. ಕೆಳಗೆ ನನ್ನ ಸಹಿಗೆ ಜಾಗ.

"ನೀವೇ ಹೇಳಿದ್ರಿ ಅವಳಿಗೆ. ನಾನು ಎದುರಿಗಿದ್ದೆ."

"ಬರವಣಿಗೆಯಲ್ಲಿ ಇದೆಯಾ?"

ತಿಪ್ಪೆ ಸಾರಿಸುವುದನ್ನೂ ಈ ಮನುಷ್ಯ ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಾರೆ! ಸಹಿ ಹಾಕುವುದಿಲ್ಲ ಅಂದೆ. ಸಾರ್, ಅದು ಹಾಳಾಗಿ ಹೋಗಲಿ, ಮೊದಲು ಲಾಗ್‌ನಿಂದ ವಾಪಸ್ ಹಾಕೋಣ, ಈಗಲೇ, ಜನರ ಜೀವ ಅದು ಅಂದೆ. ಕೈ ಮುಗಿದೆ ಕೂಡ. ನನಗೆ ನಾಚಿಕೆಯಿಲ್ಲ.

"ಸೋಮವಾರ ಮೀಟಿಂಗ್‌ನಲ್ಲಿ ಇಡೋಣ."

"ಅಲ್ಲೀತನಕ ಯಾರಿಗಾದ್ರೂ ಏನಾದ್ರೂ ಆದ್ರೆ?"

ಅವರು ಹೇಳಿದ್ದನ್ನು ಬರೆಯುವ ಅಗತ್ಯವಿಲ್ಲ.


3

ಓದುತ್ತಿದ್ದೇನೆ. ಲಾಗ್ ತೆರೆದು ಒಂದೊಂದೇ ಸಾಲು, ಫೋನಿನಲ್ಲಿ, ಗಟ್ಟಿಯಾಗಿ. ಆಚೆಯವಳು ಲಾಗಿನ್ ಇಲ್ಲದೆ ವಾರ್ಡಿನಲ್ಲಿ ನಿಂತು ನರ್ಸಿಗೆ ಹೇಳುತ್ತಾಳೆ, ನರ್ಸ್ ಹೊಸದಾಗಿ ಟೈಪ್ ಮಾಡುತ್ತಾಳೆ. ಟೈಪ್ ಆಗುವವರೆಗೆ ಕಾಯುವುದು ಬೇಡ ಅಂತ ತಮ್ಮ ಕೆಂಪು ಮಾರ್ಕರ್ ಹಿಡಿದು ಮಂಚದಿಂದ ಮಂಚಕ್ಕೆ ಓಡುತ್ತಾನೆ, ಬಿಳಿ ಪಟ್ಟಿಗಳ ಮೇಲೆ ಬರೆಯಲು. ಮಗಳನ್ನು ಇನ್ನೂ ಎತ್ತಿಕೊಂಡಿಲ್ಲವಂತೆ. ಕೈಯೆಲ್ಲ ಇಂಕು ಅಂದ.

ಮಗುವಿಗೆ ಅರ್ಧ ಡೋಸ್ ಮಾತ್ರ. ಅಜ್ಜಿ ಬಚ್ಚಲಲ್ಲಿ ಬಿದ್ದಿದ್ದರು, ಎಬ್ಬಿಸಿ ನಡೆಸಬೇಡಿ. ಇವರಿಗೆ ಸಕ್ಕರೆ ಇಳಿದಿದೆ, ರಾತ್ರಿಯ ಇನ್ಸುಲಿನ್ ಬೇಡ. ಯಾರೋ ನರ್ಸ್ ಕೆಲಸದ ಮಧ್ಯೆ ಕಾಳಜಿಯಿಂದ ಬರೆದ ಸಾಲುಗಳು. ಇದನ್ನು ಅಳಿಸಿ ಅದರ ಮೇಲೆ ‘ಸರಿಯಿದೆ’ ಅಂತ ಒತ್ತಿದ್ದಾರೆ.

ನೋಡೋಣ ಬಾಗಿಲಿಗೆ ಬಂದು ನಿಂತರು. "ರೋಗಿಗಳ ಗುಟ್ಟು ಫೋನಲ್ಲಿ ಓದ್ತಿದ್ದೀರಿ. ಆ ಕಡೆ ಹೊರಗಿನವರಿದ್ದಾರೆ. ನಿಯಮಕ್ಕೆ ವಿರುದ್ಧ."

ಇವತ್ತು ನೆನಪಾಯಿತು ನಿಯಮ. ಹಾಗೆ ನೋಡಿದರೆ ಆ ನಿಯಮ ಸರಿಯೇ. ಆದರೂ ನಿಲ್ಲಿಸಲಿಲ್ಲ, ಇನ್ನೂ ಜೋರಾಗಿ ಓದಿದೆ.

"ನಿಮ್ಮ ಲಾಗಿನ್ ಮುಚ್ಚಿಸ್ಬೇಕಾಗತ್ತೆ."

"ನೋಡೋಣ ಸಾರ್," ಅಂದೆ.


4.40

ಮುಚ್ಚಿಸಿದರು. ಓದುತ್ತಿದ್ದಂತೆಯೇ ಪರದೆ ಹೋಯಿತು, ಒಂದು ಸಾಲಿನ ನಡುವೆ. ಆ ಲಾಗ್ ತೆರೆಯುವ ಅಧಿಕಾರ ಇದ್ದದ್ದು ಮೂವರಿಗೆ. ಅವಳದು ಹೋಯಿತು, ನನ್ನದು ಹೋಯಿತು. ಮೂರನೆಯವರು ನೋಡೋಣ, ಅವರು ಕಾರಿನಲ್ಲಿ ಮನೆಗೆ ಹೋಗುತ್ತಿದ್ದಾರೆ, ಫೋನ್ ಎತ್ತುತ್ತಿಲ್ಲ. ದೊಡ್ಡ ಡಾಕ್ಟರಿಗೆ ಹೇಳಿ ಅಂತ ಆಚೆಯವಳನ್ನು ಓಡಿಸಿದ್ದೇನೆ.

ಬಹುಪಾಲು ಮುಗಿದಿತ್ತು. ಉಳಿದದ್ದು ಸ್ವಲ್ಪವೇ. ಸ್ವಲ್ಪ ಅಂದರೆ ಜನ.

ಕಣ್ಣ ಮುಂದೆ ಇದ್ದ ಕೊನೆಯ ಸಾಲು ಮರೆಯುವ ಮೊದಲು ಇಲ್ಲಿ ಬರೆದುಬಿಡುತ್ತೇನೆ, ಹೇಗಿತ್ತೋ ಹಾಗೆ. ತಮ್ಮ ಇನ್ನೂ ಲೈನಿನಲ್ಲಿದ್ದಾನೆ. ಅಕ್ಕಾ, ಮಂಚದ ಹತ್ರಾನೇ ನಿಂತಿದ್ದೀನಿ, ಅಜ್ಜ ನನ್ನನ್ನೇ ನೋಡ್ತಿದ್ದಾರೆ, ಹೇಳೇ, ಏನು ಬರೀಲಿ ಅನ್ನುತ್ತಿದ್ದಾನೆ.

ಗಂಡಸರ ವಾರ್ಡ್, ಕಿಟಕಿ ಪಕ್ಕದ ಮಂಚ. ಪಾರ್ಶ್ವವಾಯು, ಮಾತು ಬರುವುದಿಲ್ಲ, ಕೇಳಿದರೆ ಹೇಳಲಾರರು. ಜೊತೆಗೆ ಯಾರೂ ಇಲ್ಲ. ಗಮನಿಸಿ, ಇವರಿಗೆ ಯಾವ ಕಾರಣಕ್ಕೂ ಕೊಡಬಾರದ್ದು —